ಭೋಂಗಾದ ಬಾಲ

ಈ ಕಥೆಯಲ್ಲಿ ಸುಳ್ಳು ಇರುವುದು ಒಂದೇ ಒಂದು. ಅದನ್ನು ಹೇಳಿದವನು ನಾನಲ್ಲ, ಭೀಮಗೊಂಡ. ಅವನೂ ಅದನ್ನು ಆಮೇಲೆ ಚಿಕ್ಕೋಡಿಯಲ್ಲಿ ಇನ್ನೂರು ಜನರ ಎದುರಿಗೆ ವಾಪಸು ತೆಗೆದುಕೊಂಡ. ಹೀಗಾಗಿ ಈಗ ಒಂದೂ ಸುಳ್ಳು ಉಳಿದಿಲ್ಲ, ಎಲ್ಲ ಖರೇ. ಆಣೆ ಬೇಕಾದರೆ ಯಾವುದನ್ನು ಬೇಕಾದರೂ ಮುಟ್ಟಿ ಮಾಡುತ್ತೇನೆ, ಸಕ್ಕರೆ ಕಾರ್ಖಾನೆಯ ತೂಕದ ಕಾಟಾ ಒಂದನ್ನು ಬಿಟ್ಟು. ಅದನ್ನು ಮುಟ್ಟಿ ಆಣೆ ಮಾಡಿದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ.

ಕಾರ್ಖಾನೆಯ ಹೆಸರು ಹೇಳುವುದಿಲ್ಲ. ರಾಯಬಾಗ, ಅಥಣಿ, ಕಾಗವಾಡದ ಸುತ್ತ ಎಲ್ಲಿ ನಿಂತು ನೋಡಿದರೂ ಒಂದು ಚಿಮಣಿ ಕಾಣುತ್ತದೆ. ಮೊದಲು ಕಂಡದ್ದೇ ಇದು ಅಂತ ತಿಳಿಯಿರಿ. ಹಾರೂಗೇರಿಯಿಂದ ಸೈಕಲ್ ಮೇಲೆ ಹೋಗುವಷ್ಟು ದೂರ.

ಅಲ್ಲಿ ಭೀಮಗೊಂಡ ಬಾಯ್ಲರ್ ಅಟೆಂಡಂಟ್. ಮೂವತ್ತೆರಡು ಸೀಜನ್ ಕಳೆದಿದ್ದ. ಇನ್ನೊಂದೇ ಸೀಜನ್, ಆಮೇಲೆ ನಿವೃತ್ತಿ. ಬಾಯ್ಲರಿನ ಬಗ್ಗೆ ಅವನಿಗೆ ದೊಡ್ಡ ಅಭಿಮಾನ ಇರಲಿಲ್ಲ. ಅಭಿಮಾನ ಇದ್ದದ್ದು ಅದರ ನೆತ್ತಿಯ ಮೇಲೆ ಕೂತ ಹಿತ್ತಾಳೆಯ ಭೋಂಗಾದ ಬಗ್ಗೆ. ಉಗಿಯಿಂದ ಊದುವ ಹಳೆಯ ಭೋಂಗಾ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದೂವರೆಗೆ ಅದರ ಸರಪಳಿ ಎಳೆಯುವ ಅಧಿಕಾರ ಅವನೊಬ್ಬನದೇ. ಸುತ್ತಲಿನ ಏಳು ಹಳ್ಳಿಗಳು ಆ ಭೋಂಗಾ ಕೇಳಿ ಎಸರಿಡುತ್ತಿದ್ದವು, ಮಕ್ಕಳನ್ನು ಶಾಲೆಗೆ ಅಟ್ಟುತ್ತಿದ್ದವು, ಕುಡುಗೋಲು ಕೆಳಗಿಡುತ್ತಿದ್ದವು.

ಸಂಜೆಯ ಭೋಂಗಾಕ್ಕೆ ಮಾತ್ರ ಒಂದು ಬಾಲ ಇತ್ತು. ಭೋಂ... ಎಂದು ಉದ್ದಕ್ಕೆ ಊದಿ ನಿಂತ ಮೇಲೆ, ಒಂದು ಉಸಿರಿನಷ್ಟು ತಡೆದು, 'ಕುಂಯ್' ಅನ್ನುತ್ತಿತ್ತು. ವಾಲ್ವು ಹಳೆಯದು, ಸೋರುತ್ತದೆ ಅಂತ ಜನ ತಿಳಿದಿದ್ದರು. ಜನಕ್ಕೆ ಗೊತ್ತಿಲ್ಲದ ಸಂಗತಿ ಬೇರೆ. ಭೀಮಗೊಂಡನ ಮದುವೆಯಾದ ವರ್ಷ ಹೆಂಡತಿ ತಾರಾಬಾಯಿ ತವರೂರು ಭೋಜದಿಂದ ಬಂದಳು. ಹೊಸ ಊರು, ಮನೆಯ ಸುತ್ತ ಆಳೆತ್ತರದ ಕಬ್ಬು, ಮಾತಾಡಲು ಒಬ್ಬರಿಲ್ಲ. ಸಂಜೆಯಾದರೆ ಬಾಗಿಲಿಗೆ ಆತು ನಿಂತು ಭೋಜದ ದಿಕ್ಕಿಗೆ ನೋಡುತ್ತ ಅಳುತ್ತಿದ್ದಳು. ಭೀಮಗೊಂಡನಿಗೆ ನಾಲ್ಕು ಒಳ್ಳೆಯ ಮಾತು ಆಡಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಅವನ ಕೈಯಲ್ಲಿ ಇದ್ದದ್ದು ಒಂದು ಸರಪಳಿ. ಅದರಿಂದಲೇ ಒಂದು ಸಂಜೆ 'ಹೊರಟೆ, ಬಂದೆ' ಎನ್ನುವಂತೆ ಒಂದು ಕುಂಯ್ ಅನಿಸಿದ. ಮರುದಿನವೂ ಅನಿಸಿದ. ಹೀಗೆ ಮೂವತ್ತು ವರ್ಷ ಅನಿಸಿದ. ಇದು ನಿನಗೇ ಅಂತ ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ತಾರಾಬಾಯಿಯದು ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟದ ನೇಮ. ನಮ್ಮ ಕಡೆಯ ಜೈನರ ಮನೆಗಳಲ್ಲಿ ಇದು ಹೊಸದಲ್ಲ. ಐದೂವರೆಯ ಭೋಂಗಾ ಆದರೆ ಹೊತ್ತು ಮುಳುಗಲು ಅರ್ಧ ತಾಸು, ಬೇಸಿಗೆಯಲ್ಲಿ ಒಂದು ತಾಸು. ಭೋಂಗಾ ಆಗುತ್ತಲೇ ಅವಳು ತಂಬಿಗೆಯಲ್ಲಿ ನೀರು ತುಂಬಿಕೊಂಡು ಅಂಗಳಕ್ಕೆ ಬರುವಳು. ಬಾಲ ಕೇಳಿಸಿದರೆ ಒಳಗೆ ಹೋಗಿ ಎರಡು ತಾಟು ಹಾಕುವಳು. ಅವನು ಸೈಕಲ್ ತುಳಿದು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಎರಡನೆಯ ರೊಟ್ಟಿ ತಾಟಿಗೆ ಬಿದ್ದಿರುತ್ತಿತ್ತು. ಮೂವತ್ತು ವರ್ಷದಲ್ಲಿ ಅವಳು ಅವನನ್ನು ಬಿಟ್ಟು ಒಂದು ದಿನವೂ ಉಂಡವಳಲ್ಲ. ಯಾಕೆ ಅಂತ ಕೇಳಿದರೆ, "ಒಬ್ಬರಿಗೊಮ್ಮೆ ಒಬ್ಬರಿಗೊಮ್ಮೆ ಯಾರ್ ಬಡಸ್ತಾರ?" ಅನ್ನುತ್ತಿದ್ದಳು.

ಇಷ್ಟು ಚೆಂದ ನಡೆದಿದ್ದ ಸಂಸಾರಕ್ಕೆ ಡಿಸೆಂಬರಿನಲ್ಲಿ ಹವಾಮಾನ ಬದಲಾವಣೆ ಬಂದು ಅಮರಿಕೊಂಡಿತು. ಬಂದದ್ದು ಅಂಚೆಯಲ್ಲಿ.

ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಕಾಮಗಾರ ಸಂಘದ ಸಭೆ ಸೇರಿತ್ತು. ಕಾರ್ಯದರ್ಶಿ ಸಂಗ್ರಾಮ ಎದ್ದು ನಿಂತ. ಮೈಕು ಇಲ್ಲದಿದ್ದರೂ ಮೈಕಿನ ಮುಂದೆ ನಿಂತಂತೆ ಮಾತಾಡುವ ಮನುಷ್ಯ.

"ಬಾಂಧವರ! ನಮ್ಮ ಸಂಘಗಳ ಮಹಾಮಂಡಳದಿಂದ ಪತ್ರ ಬಂದೈತಿ. ಭೂಮಿ ಕಾಯಾಕತ್ತೈತಿ, ಹಿಂಗ ಬಿಟ್ರ ಎಲ್ಲಾರ ಬಾಳೆನೂ ಸುಟ್ಟ ಹೊಕ್ಕೈತಿ ಅಂತ ಬರದಾರ. ಸರ್ಕಾರ ಒಂದ ಮಾಡಿದ್ರ ಸಾಲಂಗಿಲ್ಲ, ಕಾಮಗಾರರೂ ಕೈ ಹಚ್ಚಬೇಕು. ಒಂದೊಂದು ಸಂಘ ತಾ ಏನ್ ಹೊಗಿ ಕಡಿಮಿ ಮಾಡತೈತಿ ಅಂತ ಹದಿನೈದನೇ ತಾರೀಖಿನೊಳಗ ಠರಾವ ಕಳಸಬೇಕು. ಛಲೋ ಠರಾವಿಗೆ ಚಿಕ್ಕೋಡಿ ಅಧಿವೇಶನದಾಗ ಸತ್ಕಾರ. ಒಂದ ಶರತ್ತು: ಯಾರ ನೌಕರಿನೂ ಹೋಗಬಾರದು."

"ಹೊಗಿ ಬಿಡಾವ್ರು ಯಾರು?" ಎಂದು ಹಿಂದಿನಿಂದ ಒಬ್ಬ ಕೇಳಿದ.

"ಚಿಮಣಿ."

"ಚಿಮಣಿ ಆಡಳಿತ ಮಂಡಳಿದು. ನಮ್ದೇನೈತಿ?"

"ನಮ್ದು ಬೀಡಿ."

ಬೀಡಿ ಬಿಡುವ ಠರಾವಿಗೆ, ಅಂದರೆ ನಿರ್ಣಯಕ್ಕೆ, ಸೂಚಕರು ಸಿಗಲಿಲ್ಲ. ಕ್ಯಾಂಟೀನಿನ ಕಟ್ಟಿಗೆ ಒಲೆ ಬಂದ್ ಮಾಡಿ, ಭಜಿ ಕರಿಯುವುದನ್ನು ವಾರಕ್ಕೆರಡು ದಿನಕ್ಕೆ ಇಳಿಸೋಣ ಎಂದು ಖಜಾಂಚಿ ಅಂದದ್ದೇ ತಡ, ಅವನ ರಾಜೀನಾಮೆಗೆ ಘೋಷಣೆ ಎದ್ದಿತು. ಹೊಸ ನಮೂನೆಯ ಬಾಯ್ಲರ್ ತರಿಸಿ ಅಂತ ಬರೆಯೋಣ ಎಂದು ಒಬ್ಬ ಓದಿದ ಹುಡುಗ ಹೇಳಿದ. ಅದು ಬಂದರೆ ಹದಿನೆಂಟು ಜನರ ಜಾಗದಲ್ಲಿ ಇಬ್ಬರು ಸಾಕು ಅಂತ ಲೆಕ್ಕ ಗೊತ್ತಿದ್ದವರು ಅವನನ್ನು ಕೂರಿಸಿದರು.

ಭೀಮಗೊಂಡ ಹನ್ನೊಂದು ವರ್ಷದಿಂದ ಸಮಿತಿಯ ಸದಸ್ಯ. ಈ ಹನ್ನೊಂದು ವರ್ಷ ಅವನು ಚಹಾ ಕುಡಿದಿದ್ದ, ಕೈ ಎತ್ತಿದ್ದ, ಒಂದು ಮಾತು ಆಡಿರಲಿಲ್ಲ. ಆ ದಿನವೂ ಆಡುತ್ತಿರಲಿಲ್ಲ, ಸಂಗ್ರಾಮ ಕೆಣಕದಿದ್ದರೆ.

"ಎಲ್ಲಾ ಖಾತೆದಾವ್ರೂ ಅಂಜಾಕತ್ತೀರಿ. ಭೀಮಕಾಕಾನ್ನ ನೋಡ್ರಿ, ಹೆಂಗ ಆರಾಮ ಕುಂತಾನ. ಅಂವಂದೇನ, ಸರಪಳಿ ಜಗ್ಗಾದು, ಮನೀಗ್ ಹೋಗಾದು. ಕಟಗಿ ಬ್ಯಾಡ, ಬಗ್ಯಾಸ್ ಬ್ಯಾಡ, ಗಾಳಿ ಮ್ಯಾಗ ನಡ್ಯೂ ನೌಕರಿ."

ಕೋಣೆ ನಕ್ಕಿತು. ಮೂವತ್ತೆರಡು ಸೀಜನ್ನಿನ ಮೇಲೆ ನಕ್ಕಿತು. ಭೀಮಗೊಂಡನ ಕಿವಿ ಕೆಂಪಾಯಿತು.

"ಏ, ಏನ್ ತಿಳದೀಪಾ ನೀ?" ಎಂದ. "ಒಂದ್ ಸಲ ಭೋಂಗಾ ಊದಾಕ ನಲವತ್ತ ಕಿಲೋ ಬಗ್ಯಾಸ್ ಸುಡಬೇಕು!"

ಬಗ್ಯಾಸ್ ಎಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಬಾಯ್ಲರಿನ ಹೊಟ್ಟೆಗೆ ಅದೇ ಅನ್ನ. ಖರೇ ನೋಡಿದರೆ ಒಂದು ಸಲಕ್ಕೆ ಎರಡು ಕಿಲೋ ಸಾಕು. ಆದರೆ ಎರಡು ಕಿಲೋ ಅನ್ನುವುದು ಅಭಿಮಾನದ ಮಾತಲ್ಲ. ನಲವತ್ತು ಅಂದಾಗ ಕೋಣೆ ಸ್ತಬ್ಧವಾಯಿತು. ಆ ಸ್ತಬ್ಧತೆ ಭೀಮಗೊಂಡನಿಗೆ ಹಿತವಾಯಿತು.

"ಬರೋಬ್ಬರಿ ನಲವತ್ತು," ಎಂದ. "ಅಮಾಸಿಗೆ ಐವತ್ತು."

ಅಮಾವಾಸ್ಯೆಗೆ ಯಾಕೆ ಹೆಚ್ಚು ಅಂತ ಯಾರೂ ಕೇಳಲಿಲ್ಲ. ಸಂಗ್ರಾಮ ಫೋನಿನಲ್ಲಿ ಗುಣಾಕಾರ ಮಾಡುತ್ತಿದ್ದ. ದಿನಕ್ಕೆ ಮೂರು ಸಲ, ಸೀಜನ್ನಿಗೆ ನಾಲ್ಕು ತಿಂಗಳು. ಅವನ ಮುಖದ ಮೇಲೆ ಬೆಳಕು ಬಂತು.

"ಹದಿನೈದು ಟನ್! ಬಾಂಧವರ, ಹದಿನೈದು ಟನ್ ಹೊಗಿ! ಯಾರ ನೌಕರಿನೂ ಹೋಗಂಗಿಲ್ಲ, ಭಜಿನೂ ಹೋಗಂಗಿಲ್ಲ! ಭೋಂಗಾ ಬಂದ್ ಮಾಡಿ ಭೂಮಿ ಉಳಸೋಣು! ಸೂಚಕರು, ಕಾಮ್ರೇಡ್ ಭೀಮಗೊಂಡ!"

ಭೀಮಗೊಂಡ "ಏ ತಡೀ..." ಎಂದು ಎದ್ದ. ಭಾಷಣಕ್ಕೆ ಎದ್ದನೆಂದು ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಠರಾವು ಪಾಸಾಗಿ, ಅದರ ಕೆಳಗೆ ಅವನ ಸಹಿಯೂ ಬಿದ್ದಿತ್ತು. ಅವನೇ ಮಾಡಿದ್ದ. ಹನ್ನೊಂದು ವರ್ಷದ ರೂಢಿ, ಕಾಗದ ಮುಂದೆ ಬಂದರೆ ಕೈ ತಾನೇ ಸಹಿ ಮಾಡುತ್ತಿತ್ತು.

ಕಾರ್ಖಾನೆಯ ಎಂ.ಡಿ. ಸಾಹೇಬರಿಗೆ ಆದ ಸಂತೋಷ ಹೇಳತೀರದು. ಅವರ ಸರ್ವಿಸಿನಲ್ಲಿ ಯೂನಿಯನ್ನಿನವರು ಏನನ್ನೂ ಬೇಡದ ಠರಾವು ತಂದದ್ದು ಅದೇ ಮೊದಲು. ಮರುದಿನವೇ ಸರಪಳಿಗೆ ಕೀಲಿ ಬಿತ್ತು. ಭೀಮಗೊಂಡನಿಗೆ ಶಾಲು ಹೊದಿಸಿದರು.

"ಇವರ ತ್ಯಾಗ ನಮಗೆಲ್ಲ ಮಾದರಿ," ಎಂದರು ಸಾಹೇಬರು. "ಬಾಯ್ಲರಿಗೆ ಉಳಿದವರೇ ಸಾಕು, ಇನ್ನು ಇವರು ನಿವೃತ್ತರಾದ ಮೇಲೆ ಈ ಹುದ್ದೆಯನ್ನು ತುಂಬುವ ಅಗತ್ಯವೂ ಇರುವುದಿಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ಸಂಗ್ರಾಮನೂ ಹೊಡೆದ. ಮೂರನೆಯ ಚಪ್ಪಾಳೆಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಯಾರ ನೌಕರಿಯೂ ಹೋಗದ ಠರಾವಿನಲ್ಲಿ ಒಂದು ನೌಕರಿ ಹೋಗಿತ್ತು. ಆದರೆ ಹಾರ, ಶಾಲು, ಫೋಟೋ ಎಲ್ಲ ಮುಗಿದಿತ್ತು.

ಆ ಸಂಜೆ ಐದೂವರೆಗೆ ಭೀಮಗೊಂಡ ಕೈಗಡಿಯಾರ ನೋಡಿಕೊಂಡು ಮನೆಗೆ ಹೊರಟ. ದಾರಿಯಲ್ಲಿ ಸತ್ಕಾರಕ್ಕೆ ಅಂತ ಎರಡು ಕಡೆ ತಡೆದರು. ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ತಾರಾಬಾಯಿ ತಂಬಿಗೆ ಹಿಡಿದು ಅಂಗಳದಲ್ಲೇ ನಿಂತಿದ್ದಳು. ತಂಬಿಗೆ ತುಂಬಿತ್ತು.

"ಉಂಡಿಯೇನು?" ಎಂದ.

"ಹೊತ್ತ ಮುಣಗೇತಿ."

"ಫೋನ್ ಮಾಡಬೇಕಿಲ್ಲ?"

"ಫೋನ್ ಮಾಡಿ ಏನಂತ ಕೇಳ್ಲಿ?" ಎಂದು ನೀರನ್ನು ತುಳಸಿಗೆ ಸುರುವಿ ಒಳಗೆ ಹೋದಳು.

ದೊಡ್ಡ ಮನುಷ್ಯನಾದವನಿಗೆ ಸಂಜೆಯ ಮೇಲೆ ಹಕ್ಕು ಇರುವುದಿಲ್ಲ. ಹವಾಮಾನ ಉಪಸಮಿತಿ ಎಂದು ಒಂದು ಹುಟ್ಟಿತು. ಅದಕ್ಕೆ ಭೀಮಗೊಂಡ ಅಧ್ಯಕ್ಷ. ಅದರ ಸಭೆಗಳು ಐದೂವರೆಗೇ. ವಾರದಲ್ಲಿ ಮೂರು ದಿನ ಅವನು ತಡವಾದ, ಮೂರು ದಿನವೂ ತಾರಾಬಾಯಿ ಉಪವಾಸ ಮಲಗಿದಳು. ನಾನು ಬರುವ ದಾರಿ ಕಾಯಬೇಡ, ಉಂಡುಬಿಡು ಅಂತ ಹೇಳಿ ನೋಡಿದ. "ಹ್ಞೂಂ" ಅಂದಳು. ಮರುದಿನ ಮತ್ತೆ ತುಂಬಿದ ತಂಬಿಗೆ. ಮುಂಚೆ ಬಾಲ ಕೇಳಿಸಿದರೆ ಬಂದ ಅಂತ ತಿಳಿಯುತ್ತಿತ್ತು. ಈಗ ಬರುವುದೂ ತಿಳಿಯದು, ಬಾರದಿರುವುದೂ ತಿಳಿಯದು. ಸಂಕ್ರಾಂತಿ ಹೊತ್ತಿಗೆ ಅವಳ ಕೈಯ ಬಳೆಗಳು ಮೊಳಕೈತನಕ ಸರಿಯತೊಡಗಿದವು.

ಊರಿನ ಕಥೆ ಬೇರೆ ಇರಲಿಲ್ಲ. ಪಕ್ಕದ ಮನೆಯ ಮಲಕಾರಿಗೆ ಎಂಟು ಎಕರೆ ಕಬ್ಬು, ಒಂದು ಎಮ್ಮೆ. ಆ ಎಮ್ಮೆ ಹುಟ್ಟಿದಾಗಿನಿಂದ ಭೋಂಗಾ ಕೇಳಿ ಬೆಳೆದದ್ದು. ಸಂಜೆ ಭೋಂಗಾ ಆಗದೆ ಅದು ಹಾಲು ಇಳಿಸುತ್ತಿರಲಿಲ್ಲ. ಮಲಕಾರಿ ಕರು ಬಿಟ್ಟ, ತಿನ್ನಲು ಶೇಂಗಾ ಹಿಂಡಿ ಇಟ್ಟ, ಬೈದ, ಕಾಲು ಹಿಡಿದ. ಎಮ್ಮೆ ಚಿಮಣಿಯ ಕಡೆ ಮುಖ ಮಾಡಿ ಕಾಯುತ್ತ ನಿಂತಿತು. ಸಂಗ್ರಾಮ ಇದಕ್ಕೂ ಪರಿಹಾರ ಹುಡುಕಿದ. ಹಳೆಯ ಭೋಂಗಾದ ರೆಕಾರ್ಡಿಂಗನ್ನು ದಿನಾ ಐದೂವರೆಗೆ ವಾಟ್ಸಾಪ್ ಗ್ರೂಪಿಗೆ ಹಾಕತೊಡಗಿದ. ನೆಟ್‌ವರ್ಕ್ ಸಿಕ್ಕಿ ಅದು ಊರು ಮುಟ್ಟುವಾಗ ಏಳೂಕಾಲು. ಮಲಕಾರಿ ಫೋನನ್ನು ಎಮ್ಮೆಯ ಕಿವಿಗೆ ಹಿಡಿದ. ಎಮ್ಮೆ ಒಂದು ಕ್ಷಣ ಕೇಳಿತು. ಆಮೇಲೆ ಒದ್ದ ಒದೆಗೆ ಫೋನು ತಿಪ್ಪೆಯಲ್ಲಿ ಹೋಗಿ ಬಿತ್ತು. ಅಲ್ಲಿಂದಲೂ ಅದು ಭೋಂ ಅನ್ನುತ್ತಲೇ ಇತ್ತು.

ಆದರೆ ಇದೇ ಮಲಕಾರಿಗೆ ಇನ್ನೊಂದು ಕಡೆ ಲಾಭವಿತ್ತು. ಅವನ ಕಬ್ಬಿನಲ್ಲಿ ಕಳೆ ತೆಗೆಯುವ ಹನ್ನೆರಡು ಹೆಣ್ಣಾಳುಗಳು, ತುಳಸವ್ವನ ಗುಂಪಿನವರು, ಭೋಂಗಾ ಆದರೆ ಕೆಲಸ ಬಿಡುವುದು ಅಂತ ಅಜ್ಜನ ಕಾಲದ ಕರಾರು. ಭೋಂಗಾ ಆಗುವುದೇ ಇಲ್ಲವಾದರೆ?

"ಹೊತ್ತಾತ್ರಿ ಗೌಡ್ರ," ಎಂದರೆ, "ಭೋಂಗಾ ಎಲ್ಲೆ ಆಗೇತಬೇ?" ಅನ್ನುತ್ತಿದ್ದ. ಫೋನು ತೋರಿಸಿದರೆ, "ನಿನ್ನ ಫೋನ್ ಮುಂದ ಓಡತೈತಿ" ಅನ್ನುತ್ತಿದ್ದ.

ಒಂದು ಸಂಜೆ ತುಳಸವ್ವ ಕುಡುಗೋಲಿನ ಸಮೇತ ಭೀಮಗೊಂಡನ ಅಂಗಳಕ್ಕೆ ಬಂದಳು. ಅಂದು ಅವನು ಅಪರೂಪಕ್ಕೆ ಹೊತ್ತಿಗೆ ಸರಿಯಾಗಿ ಮನೆಯಲ್ಲಿದ್ದ.

"ಏನ್ ಭೀಮಣ್ಣಾ, ಭೂಮಿ ಉಳಸಾಕತ್ತೀಯಂತ. ಉಳಸಪ್ಪಾ, ಬ್ಯಾಡ ಅಂದಿಲ್ಲ. ಅದರ ಮ್ಯಾಗ ಇದ್ದಾವ್ರನ್ನ ಯಾಕ ಸಾಯಿಸ್ತಿ?"

"ನಂದೇನೈತಿ ಅಕ್ಕಾ, ಸಂಘದ ಠರಾವದು..."

"ಸೂಚಕರು ನೀನ ಅಂತ. ಬೋರ್ಡಿಗೆ ಹಚ್ಯಾರ, ಮಗಳು ಓದಿ ಹೇಳ್ಯಾಳ. ಈಗ ಹೊಲದಾಗ ನನ್ನ ಮಂದಿ ಇನ್ನ ಬಗ್ಗಿ ನಿಂತಾರ. ಸರಪಳಿಗೆ ಕೀಲಿ ಹಾಕ್ಯಾರಲ್ಲ, ನಿನ್ನ ಬಾಯಿಗೇನ್ ಹಾಕಿಲ್ಲಲ್ಲ? ಊದು."

"ಏನ್ ಊದ್ಲಿ?"

"ಭೋಂಗಾ ಊದು. ಮೂವತ್ತ ವರ್ಸ ಊದೀದಿ, ಅದರ ದನಿ ನಿನಗ ಬರಂಗಿಲ್ಲ?"

ತಾಲೂಕು ಮಟ್ಟದ ಹವಾಮಾನ ನಾಯಕ, ಹೆಗಲ ಮೇಲೆ ಶಾಲು ಹೊದ್ದವನು, ಮಲಕಾರಿಯ ಹೊಲದ ಬದುವಿನ ಮೇಲೆ ಹತ್ತಿ ನಿಂತ. ಎರಡೂ ಕೈ ಬಾಯಿಗೆ ಹಿಡಿದ. ಉಸಿರು ತುಂಬಿ ಊದಿದ.

"ಭೋಂ..."

ಕಬ್ಬಿನೊಳಗಿಂದ ಹನ್ನೊಂದು ತಲೆಗಳು ಮೇಲೆದ್ದವು. ಮಲಕಾರಿ "ಏ, ಇದು ನಡ್ಯಂಗಿಲ್ಲ!" ಎಂದು ಓಡಿ ಬಂದ. ಅಷ್ಟರಲ್ಲಿ ಅವನ ಹೆಂಡತಿ ರೂಪಾಲಿ ಕೊಟ್ಟಿಗೆಯಿಂದ ಕೂಗಿದಳು: "ಅಯ್ಯ, ಎಮ್ಮಿ ಹಾಲ್ ಇಳಿಸೇತ್ರೀ!" ಮಲಕಾರಿ ಅರ್ಧ ದಾರಿಯಲ್ಲಿ ನಿಂತ. ಆ ಕಡೆ ನೋಡಿದ, ಈ ಕಡೆ ನೋಡಿದ. ಕೊನೆಗೆ ಚರಿಗೆ ತರಲು ಓಡಿದ. ಹೆಣ್ಣುಮಕ್ಕಳು ನಗುತ್ತ ಬುತ್ತಿಗಂಟು ಕಟ್ಟಿಕೊಂಡರು.

ಭೀಮಗೊಂಡ ಬದುವಿನಿಂದ ಇಳಿದು ಅಂಗಳಕ್ಕೆ ಬಂದ. ಗಂಟಲು ಉರಿಯುತ್ತಿತ್ತು. ತಾರಾಬಾಯಿ ತಂಬಿಗೆ ಹಿಡಿದು ನಿಂತಿದ್ದಳು. ಒಳಗೆ ಹೋಗಿರಲಿಲ್ಲ. ಹೊತ್ತು ಕಬ್ಬಿನ ಗರಿಗಳಿಗೆ ಮುಟ್ಟಿತ್ತು.

"ಯಾಕ, ತಾಟ ಹಾಕಿಲ್ಲ?" ಎಂದ.

"ಅರ್ಧಾನ ಆತಲ್ಲ," ಎಂದಳು.

"ಏನ್ ಅರ್ಧ?"

ಅವಳು ಅವನನ್ನು ನೋಡಲಿಲ್ಲ. ಚಿಮಣಿಯ ಕಡೆ ನೋಡುತ್ತಿದ್ದಳು.

"ಇನ್ನೊಂದೀಟ ಇರತಿತ್ತಲ್ಲ ಹಿಂದಾಗಡಿ. ಸಣ್ಣಂದು."

ಭೀಮಗೊಂಡ ಸೈಕಲ್ಲಿಗೆ ಆತುಕೊಂಡ. ಸೈಕಲ್ ಬಿತ್ತು, ಅವನೂ ಬಿದ್ದ. ಎದ್ದು ಧೂಳು ಜಾಡಿಸಿಕೊಳ್ಳುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು. ಬಾಯಿಂದ ಆ ಕುಂಯ್ ಅನಿಸಲು ಅವನು ಹಿತ್ತಲಲ್ಲಿ ನಿಂತು ನಾಲ್ಕು ಸಲ ಪ್ರಯತ್ನ ಮಾಡಿದ. ಮೂರು ಸಲ ಕೆಮ್ಮು ಬಂತು. ನಾಲ್ಕನೆಯ ಸಲ ಓಣಿಯ ನಾಯಿ ಬಂತು. ಅದು ಉಗಿಯಿಂದ ಆಗುವ ಕೆಲಸ, ಮನುಷ್ಯನ ಬಾಯಿಂದ ಆಗುವುದಲ್ಲ. ಸೀಜನ್ನಿಗೆ ಇನ್ನು ಉಳಿದದ್ದು ಆರು ವಾರ. ಆಮೇಲೆ ಸರಪಳಿಯ ಕೀಲಿ ತೆಗೆದರೂ ಎಳೆಯುವವನು ಅವನಲ್ಲ.

ಫೆಬ್ರುವರಿ ಕೊನೆಗೆ ಚಿಕ್ಕೋಡಿಯಲ್ಲಿ ಅಧಿವೇಶನ. ಸಂಘವೊಂದಕ್ಕೆ ಐವತ್ತು ಜನ ಬರಬೇಕೆಂದು ಮಹಾಮಂಡಳದ ಅಪ್ಪಣೆ. ಕಾಮಗಾರರು ಪಾಳಿಯ ಮೇಲಿದ್ದರು. ಆದ್ದರಿಂದ ಸಂಗ್ರಾಮ ಸಭೆ ತುಂಬಿಸುವ ನಮ್ಮ ಕಡೆಯ ಸಂಪ್ರದಾಯದಂತೆ ಟ್ರ್ಯಾಕ್ಟರ್ ಟ್ರೇಲರಿಗೆ ಕರೆದ. ತುಳಸವ್ವನ ಗುಂಪು ಹತ್ತಿತು. "ಚಪ್ಪಾಳಿ ಹೊಡೀರಿ, ಉಪ್ಪಿಟ್ಟ ತಿನ್ರಿ, ಮಾತಾಡಬ್ಯಾಡ್ರಿ," ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟ.

ವೇದಿಕೆಯ ಮೇಲೆ ಮಹಾಮಂಡಳದ ಉಜ್ವಲಾ ಮೇಡಂ ಕೂತಿದ್ದರು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಸಂಘ ಕಟ್ಟುತ್ತಲೇ ತಲೆ ಹಣ್ಣಾದವರು. ಭೀಮಗೊಂಡನ ಸರದಿ ಬಂದಾಗ ಸಂಜೆಯಾಗಿತ್ತು. ಕೈಯಲ್ಲಿ ಸಂಗ್ರಾಮ ಬರೆದುಕೊಟ್ಟ ನಾಲ್ಕು ಹಾಳೆ. 'ಜಾಗತಿಕ ತಾಪಮಾನದ ಈ ಸಂಕ್ರಮಣ ಕಾಲದಲ್ಲಿ' ಎಂಬಲ್ಲಿಗೆ ಬಂದಿದ್ದ. ಎದುರಿನ ಗೋಡೆಯ ಗಡಿಯಾರ ಐದೂವರೆ ತೋರಿಸಿತು.

ಅವನ ಬಲಗೈ ತಾನೇ ಮೇಲೆದ್ದಿತು. ಗಾಳಿಯಲ್ಲಿ ಏನನ್ನೋ ಹಿಡಿದು ಕೆಳಕ್ಕೆ ಜಗ್ಗಿತು. ತಡೆಯಿತು. ಮತ್ತೊಮ್ಮೆ ಸಣ್ಣಗೆ ಜಗ್ಗಿತು.

ಘೋಷಣೆ ಹಾಕುತ್ತಿದ್ದಾನೆಂದು ತಿಳಿದು ಮುಂದಿನ ಸಾಲಿನವರೂ ಕೈ ಎತ್ತಿ ಜಗ್ಗಿದರು. ಎರಡು ನೂರು ಕೈ ಎದ್ದವು. ಭೀಮಗೊಂಡ ಅದನ್ನು ನೋಡಿದ. ಹಾಳೆಗಳನ್ನು ಮಡಚಿದ.

"ನಲವತ್ತಲ್ರಿ," ಎಂದ ಮೈಕಿನಲ್ಲಿ. "ಎರಡು."

"ಏನ್ರಿ ಎರಡು?" ಎಂದರು ಉಜ್ವಲಾ ಮೇಡಂ.

"ಕಿಲೋ ರೀ. ಭೋಂಗಾಕ್ಕ. ನಲವತ್ತ ಅಂತ ನಾ ಸುಳ್ಳ ಹೇಳೀನ್ರಿ. ಅಮಾಸಿಗೆ ಐವತ್ತ ಅಂದಿದ್ದೂ ಸುಳ್ಳರಿ. ಉಗಿ ಹೆಚ್ಚಾದ್ರ ಸೇಫ್ಟಿ ವಾಲ್ವ್ ತಾನ ಮುಗಲಿಗೆ ಬಿಟ್ಟ ಬಿಡತೈತಿ. ಮೊದಲ ಅದ ಉಗಿ ಭೋಂಗಾದಾಗ ಹಾದು ಹೋಗ್ತಿತ್ತು. ಈಗ ಮಾತಾಡದ ಹೊಕ್ಕೈತಿ. ಅಷ್ಟ ಫರಕ್ ರೀ."

ಸಂಗ್ರಾಮ ಕುರ್ಚಿಯಲ್ಲೇ ಒಂದು ಗೇಣು ಕುಗ್ಗಿದ. ಮೇಡಂ ಠರಾವಿನ ಪ್ರತಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಯಾರಿಗೂ ತೊಂದರಿ ಆಗಿಲ್ಲ, ಯಾರ ಕೆಲಸಾನೂ ಹೋಗಿ‌ಲ್ಲ ಅಂತ ಇದರಾಗ ಬರದೀರಿ. ಅದಾದ್ರೂ ಖರೇ ಏನು?"

ಹಿಂದಿನಿಂದ ತುಳಸವ್ವ ಎದ್ದಳು. ಅವಳ ಕೈಯಲ್ಲಿ ಉಪ್ಪಿಟ್ಟಿನ ಪ್ಲೇಟು ಇತ್ತು.

"ಕೆಲಸ ಹೋಗಿಲ್ರಿ ಬಾಯಾರ. ಹೆಚ್ಚಾಗೇತಿ."

"ಅಕ್ಕಾ, ಕುಂಡ್ರ, ಚಪ್ಪಾಳಿ ಅಷ್ಟ ಅಂತ ಹೇಳಿದ್ದೆ..." ಎಂದ ಸಂಗ್ರಾಮ.

"ಚಪ್ಪಾಳಿ ಹೊಡದ ಕೈ ನೂಸಾಕತ್ತಾವೋ, ಈಗ ಬಾಯಿ ಪಾಳಿ," ಎಂದಳು ತುಳಸವ್ವ. "ಬಾಯಾರ, ಭೂಮಿ ಕಾದೈತಿ ಅಂತ ನಿಮ್ಮ ಪತ್ರದಾಗ ಬರದೀರಂತ. ಅದರ ಮ್ಯಾಲ ಬರಿಗಾಲ್ಲೆ ನಿಲ್ಲಾವ್ರು ನಾವು. ಹ್ವಾದ ವರ್ಸ ನಮ್ಮ ದ್ರೌಪದಿ ಬಿಸಲಿಗೆ ಕಬ್ಬಿನ ಸಾಲಿನಾಗ ಬಿದ್ದಾಕಿ ಎರಡ ದಿನ ಮಾತಾಡ್ಲಿಲ್ಲ. ನಮ್ಮನ್ನ ಯಾರರ ಒಂದ ಮಾತ ಕೇಳಿರೇನು? ಇವ್ರಿಗೆ ಸಂಘ ಐತಿ, ಠರಾವ ಐತಿ, ಶಾಲ ಐತಿ. ನಮಗ ಸಂಘ ಇಲ್ರಿ. ನಮ್ಮ ಸಂಘ ಅಂದ್ರ ಆ ಭೋಂಗಾ ಒಂದ. ಅದು ಕೂಗಿದ್ರ ಗೌಡ ಬಾಯಿ ಮುಚ್ಚತಿದ್ದ. ಅದನ್ನೂ ಬಂದ್ ಮಾಡಿದ್ರಿ."

ಉಜ್ವಲಾ ಮೇಡಂ ಠರಾವಿನ ಪ್ರತಿಯನ್ನು ಮಗುಚಿ ಇಟ್ಟು, "ಸಂಗ್ರಾಮ, ಪೆನ್ನು ತಗೋ," ಎಂದರು.

ಹೀಗೆ ಹೊಸ ಠರಾವು ಆಯಿತು. ಮಧ್ಯಾಹ್ನ ಒಂದರ ಭೋಂಗಾ ಇನ್ನು ಮೇಲೆ ಹನ್ನೆರಡಕ್ಕೆ. ಅದಕ್ಕೆ ಬಿಸಿಲು ಭೋಂಗಾ ಎಂದು ಹೆಸರು. ಅದು ಕೇಳಿಸುವಷ್ಟು ದೂರ, ಕಾರ್ಖಾನೆಯ ಅಂಗಳವಾಗಲಿ ಗೌಡರ ಹೊಲವಾಗಲಿ, ಮೂರರ ತನಕ ಯಾರೂ ಬಿಸಿಲಿನಲ್ಲಿ ಕೆಲಸ ಮಾಡತಕ್ಕದ್ದಲ್ಲ. ಸಂಜೆಯ ಭೋಂಗಾ ಮೊದಲಿನಂತೆ. ಭೋಂಗಾ ಇರುವತನಕ ಅದನ್ನು ಎಳೆಯುವ ಹುದ್ದೆಯನ್ನು ತುಂಬಲೇಬೇಕು. ಈ ಕೊನೆಯ ಸಾಲನ್ನು ಸಂಗ್ರಾಮ ಯಾರೂ ಹೇಳದೆ ತಾನಾಗಿ ಬರೆದ. ವಾಪಸು ಬರುವಾಗ ಟ್ರೇಲರಿನಲ್ಲಿ, ಇಡೀ ಕರ್ನಾಟಕದಲ್ಲಿ ಇಂಥ ಠರಾವು ತಂದ ಮೊದಲ ಸಂಘ ತನ್ನದೇ ಎಂದು ಭಾಷಣ ಮಾಡಿದ. ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದರು, ಅಷ್ಟಕ್ಕೇ ಕರೆದುಕೊಂಡು ಹೋಗಿದ್ದನಲ್ಲ.

ಎಂ.ಡಿ. ಸಾಹೇಬರು ಮೂಗು ಮುರಿದರು, ಆದರೆ ಒಪ್ಪಿದರು. ಒಪ್ಪಿದ್ದಕ್ಕೆ ಒಂದು ಲಿಖಿತ ಆದೇಶ ಅಂಟಿಸಿದರು. ಪ್ರತಿ ಭೋಂಗಾ ಮೂವತ್ತು ಸೆಕೆಂಡು, ಅದಕ್ಕಿಂತ ಹೆಚ್ಚಲ್ಲ. ಹವಾಮಾನದ ದೃಷ್ಟಿಯಿಂದ ಒಂದು ರಜಿಸ್ಟರು ಇಡತಕ್ಕದ್ದು. ವೇಳೆ, ಸೆಕೆಂಡು, ಹೆಚ್ಚಾಗಿದ್ದರೆ ಕಾರಣ. ಸಂಘದ ಕಾರ್ಯದರ್ಶಿ ಎದುರಿಗೆ ನಿಂತು ಸಹಿ ಹಾಕತಕ್ಕದ್ದು.

ಬಾಲದ ಮಾತು ಆದೇಶದಲ್ಲಿ ಇರಲಿಲ್ಲ. ಅದು ಸೋರುವ ವಾಲ್ವಿನ ಸದ್ದಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲವಲ್ಲ, ಒಬ್ಬಳ ಹೊರತು.

ಮೊದಲ ಸಂಜೆ. ಐದೂವರೆಗೆ ಭೀಮಗೊಂಡ ಸರಪಳಿ ಹಿಡಿದ. ಪಕ್ಕದಲ್ಲಿ ಸಂಗ್ರಾಮ ಫೋನಿನಲ್ಲಿ ಸೆಕೆಂಡು ನೋಡುತ್ತ ನಿಂತ. ಭೀಮಗೊಂಡ ಜಗ್ಗಿದ. ಎರಡೂವರೆ ತಿಂಗಳು ಮುಚ್ಚಿದ್ದ ಗಂಟಲು ಮೊದಲು ಕೆಮ್ಮಿತು, ನೀರು ಉಗುಳಿತು, ಆಮೇಲೆ ಭೋಂ... ಎಂದು ಬಾಯಿ ಬಿಟ್ಟಿತು. ಏಳು ಹಳ್ಳಿಗಳ ನಾಯಿಗಳು ಜತೆಗೂಡಿದವು. ಹೊಲಗಳಲ್ಲಿ ಸೊಂಟಗಳು ನೆಟ್ಟಗಾದವು. ಮಲಕಾರಿಯ ಎಮ್ಮೆ ಚರಿಗೆ ಬರುವ ಮುಂಚೆಯೇ ನೆಲಕ್ಕೆ ಹಾಲು ಬಿಟ್ಟಿತು ಎಂದು ಹೇಳುತ್ತಾರೆ. ನಾನು ಕಣ್ಣಾರೆ ನೋಡಿದ್ದು ಒದ್ದೆ ನೆಲ ಮಾತ್ರ.

"ಇಪ್ಪತ್ತೊಂಬತ್ತು, ಮೂವತ್ತು! ಕಾಕಾ, ಬಿಡು!"

ಭೀಮಗೊಂಡ ಬಿಟ್ಟ. ಸದ್ದು ನಿಂತಿತು. ಕೈ ಮಾತ್ರ ಸರಪಳಿಯ ಮೇಲೇ ಇತ್ತು. ಬಾಯ್ಲರ್ ಕೋಣೆಯ ಕಿಟಕಿಯಿಂದ ಅವನ ಮನೆ ಕಾಣುತ್ತಿರಲಿಲ್ಲ, ಕಬ್ಬು ಅಡ್ಡ. ಆದರೆ ಅಲ್ಲಿ ಒಬ್ಬಳು ತುಂಬಿದ ತಂಬಿಗೆ ಹಿಡಿದು ನಿಂತಿದ್ದಾಳೆ ಎಂಬುದು ಅವನಿಗೆ ಕಂಡಷ್ಟೇ ಗೊತ್ತಿತ್ತು. ಹೊತ್ತು ಇಳಿಯುತ್ತಿತ್ತು. ಆದೇಶ ಗೋಡೆಯ ಮೇಲಿತ್ತು.

ಒಂದು ಉಸಿರಿನಷ್ಟು ತಡೆದ. ಜಗ್ಗಿದ.

ಕುಂಯ್.

"ಕಾಕಾ! ಮೂವತ್ಮೂರ ಆತಲ್ಲೋ ಮಾರಾಯಾ!" ಸಂಗ್ರಾಮ ಬಾಗಿಲ ಕಡೆ ನೋಡಿದ, ದನಿ ಇಳಿಸಿದ. "ಇರ್ಲಿ, ಮೂವತ್ತಂತ ಬರೀತೀನಿ."

"ಬ್ಯಾಡ. ಇನ್ನ ಸುಳ್ಳ ಬ್ಯಾಡ. ಮೂವತ್ಮೂರ ಬರಿ."

"ಕಾರಣ ಬರೀಬೇಕೋ! ಏನ್ ಬರೀಲಿ?"

ಭೀಮಗೊಂಡ ತಲೆ ಕೆರೆದುಕೊಂಡ. ಹನ್ನೊಂದು ವರ್ಷ ಮಾತಾಡದವನು, ಮಾತಾಡಿದ ಒಂದೇ ದಿನ ಇಷ್ಟೆಲ್ಲ ಮಾಡಿಕೊಂಡವನು, ಬಹಳ ಯೋಚಿಸಿ ಹೇಳಿದ.

"ಒಬ್ಬರಿಗೆ ನೀರಡಿಕಿ ಆಗಿತ್ತು ಅಂತ ಬರಿ."

ಸಂಗ್ರಾಮ ಅವನ ಮುಖ ನೋಡಿದ. ಹಾಗೇ ಬರೆದು ಸಹಿ ಹಾಕಿದ. ಆ ಸೀಜನ್ ಮುಗಿಯುವ ತನಕ ಇಪ್ಪತ್ತಾರು ಸಂಜೆ ಅದೇ ಕಾರಣ ಬರೆದ. ಎಂ.ಡಿ. ಸಾಹೇಬರು ಬಾಯ್ಲರ್ ಖಾತೆಗೆ ಕುಡಿಯುವ ನೀರಿನ ಎರಡು ಮಣ್ಣಿನ ಹರವಿ ಮಂಜೂರು ಮಾಡಿದರು.

ಭೀಮಗೊಂಡ ಸೈಕಲ್ ತುಳಿದು ಬಂದ. ಹೊತ್ತು ಇನ್ನೂ ಇತ್ತು. ತಾರಾಬಾಯಿ ತಂಬಿಗೆಯ ನೀರಿನಲ್ಲಿ ಅರ್ಧ ಕುಡಿದು, ಉಳಿದರ್ಧವನ್ನು ಅವನಿಗೆ ಕೈಕಾಲಿಗೆ ಇಟ್ಟು, ಕಟ್ಟೆಯ ಮೇಲೆ ಕೂತಿದ್ದಳು. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಇವತ್ತು ಹೇಳಿಯೇ ಬಿಡಬೇಕು ಎಂದು ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡು ಬಂದಿದ್ದ. ಕಾಲು ತೊಳೆಯುವುದನ್ನೂ ಮರೆತು ಎದುರಿಗೆ ನಿಂತ.

"ತಾರಾ, ಒಂದ ಮಾತೈತಿ. ಮುಂದಿನ ವರ್ಸ ಅಲ್ಲಿ ನಾ ಇರಂಗಿಲ್ಲ. ಬರಾವ್ಗ ಭೋಂಗಾ ಕಲಿಸಬೌದು, ಅದೊಂದು ಕಲಸಾಕ ಆಗಂಗಿಲ್ಲ. ಅದಕ್ಕ ಹೇಳ್ತೇನಿ. ಅದು ವಾಲ್ವಿಂದಲ್ಲ. ಮೂವತ್ತ ವರ್ಸದ ಹಿಂದ ನೀ ಇದ ಬಾಗಲದಾಗ ನಿಂತ ಭೋಜದ ಕಡೆ ನೋಡಿ ಅಳತಿದ್ದೆಲ್ಲ, ಆವಾಗ ನನಗ ಏನ್ ಹೇಳ್ಬೇಕು ತಿಳೀಲಿಲ್ಲ, ಅದಕ್ಕ ನಾ ಏನ್ ಮಾಡಿದೆ ಅಂದ್ರ..."

"ಕಾಲ ತೊಳ್ಕೊಳ್ರಿ, ರೊಟ್ಟಿ ಆರತಾವ," ಎಂದು ತಾರಾಬಾಯಿ ಎದ್ದು ಒಳಗೆ ನಡೆದಳು. ಒಳಗಿನಿಂದ ಒಂದು ತಾಟು ನೆಲಕ್ಕಿಟ್ಟ ಸದ್ದು ಬಂತು, ಅದರ ಬೆನ್ನಿಗೇ ಇನ್ನೊಂದರದು.

"...ಆ ಸರಪಳಿ ಇನ್ನೊಂದೀಟ ಜಗ್ಗಿ, ನಿನಗ..."